ಓದು ಎಲ್ಲಿ ನಿಂತಿದೆ?

(ಹಾಸನದಲ್ಲಿ ಶಾಲಾ ಶಿಕ್ಷಕರು, ಪೋಷಕರು ಮತ್ತು ಕಾಲೇಜು ಉಪನ್ಯಾಸಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಬೋರ್ಡಿನ ಮೇಲೆ ಒಂದೇ ಒಂದು ಪದ ಬರೆದಿದ್ದೇನೆ: ಶಕ್ತಿ. 2023ರ ಜೂನ್‌ನಿಂದ ಈಚೆಗೆ ಬಸ್ಸು ಹತ್ತುವ ಹೆಣ್ಣುಮಕ್ಕಳ ಬಾಯಲ್ಲಿ ದಿನಾ ಓಡಾಡುವ ಪದ. ಇದನ್ನು ಮೂರನೇ ಕ್ಲಾಸಿನ ಮಗುವಿನ ಕಣ್ಣಿಂದ ನೋಡಿ. ಗುಡಿಸು ಯಾವ ಅಕ್ಷರದ ಮೇಲಿದೆ? ‘ಕ’ ಮೇಲೆ. ಬಾಯಲ್ಲಿ ‘ಇ’ ಹೊರಡುವುದು ಯಾವುದರ ಜೊತೆ? ಕೆಳಗೆ ಕೂತಿರುವ ‘ತ’ ಜೊತೆ. ಮಗು ‘ಶಕಿತ’ ಎಂದು ಓದಿತು ಅಂದರೆ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಓದಿದೆ. ಅದಕ್ಕೆ ಗಮನ ಇಲ್ಲ, ಮೊಬೈಲ್ ನೋಡಿ ನೋಡಿ ತಲೆ ಕೆಟ್ಟಿದೆ ಎಂದು ನಾವು ಬೈಯುತ್ತೇವೆ. ಮಗುವಿನ ಗಮನ ನಮಗಿಂತ ಚೆನ್ನಾಗಿಯೇ ಇದೆ. ಬರಹದ ಕ್ರಮ ಬೇರೆ, ಉಚ್ಚಾರದ ಕ್ರಮ ಬೇರೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಈ ಪದದಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ‘ಈಗಿನ ಮಕ್ಕಳಿಗೆ ಓದೋಕೆ ಬರಲ್ಲ’ ಎನ್ನುವ ಮಾತು ಯಾವ ಕೆಲಸಕ್ಕೂ ಬಾರದು. ಗಾಡಿ ಕೆಟ್ಟಿದೆ ಎಂದರೆ ಮೆಕ್ಯಾನಿಕ್ ಏನು ಮಾಡಿಯಾನು? ಸ್ಟಾರ್ಟ್ ಆಗ್ತಿಲ್ಲವೋ, ಗೇರ್ ಬೀಳ್ತಿಲ್ಲವೋ, ಬ್ರೇಕ್ ಹಿಡಿತಿಲ್ಲವೋ ಹೇಳಬೇಕು. ಓದು ಕೂಡ ಒಂದೊಂದು ವಯಸ್ಸಿನಲ್ಲಿ ಒಂದೊಂದು ಜಾಗದಲ್ಲಿ ನಿಲ್ಲುತ್ತದೆ. ಆ ಜಾಗ ಹುಡುಕದೆ ಫೋನನ್ನು ಬೈದರೂ ಅಷ್ಟೇ, ಹೊಸ ಆ್ಯಪ್ ಹಾಕಿಕೊಟ್ಟರೂ ಅಷ್ಟೇ.

ಮೊದಲನೆಯ ನಿಲುಗಡೆ ಒತ್ತಕ್ಷರ. ಲೆಕ್ಕ ಹಾಕಿ. 34 ವ್ಯಂಜನ, ಒಂದೊಂದಕ್ಕೂ ಅಂ, ಅಃ ಸೇರಿ 15 ಗುಣಿತ. 510 ಆಕಾರಗಳಾದವು. ಇದರ ಮೇಲೆ ಒತ್ತು. ಹೆಚ್ಚಿನ ಒತ್ತುಗಳು ತಲೆಕಟ್ಟು ತೆಗೆದ ಅದೇ ಅಕ್ಷರ, ಮಗು ಗುರುತು ಹಿಡಿಯುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ನಮ್ಮ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಒತ್ತುಗಳೂ ಇವೇ: ಅಲ್ಲಿ, ನನ್ನ, ನಮ್ಮ, ಮತ್ತೆ. ಕೊನೆಗೆ ಅರ್ಕಾವತ್ತು. ‘ಸೂರ್ಯ’ದಲ್ಲಿ ಅದನ್ನು ಬರೆಯುವುದು ಆಮೇಲೆ, ಹೇಳುವುದು ಮೊದಲು.

ಕನ್ನಡ ಮಕ್ಕಳು ಅಕ್ಷರ ಕಲಿಯುವ ವೇಗದ ಬಗ್ಗೆ ಸೊನಾಲಿ ನಾಗ್ ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮಗು ಅಕ್ಷರಮಾಲೆಯನ್ನು ಒಂದೆರಡು ವರ್ಷದಲ್ಲಿ ಮುಗಿಸಿದರೆ, ನಮ್ಮ ಮಗುವಿಗೆ ಅಕ್ಷರಗಳು ಪೂರ್ತಿ ಕೈವಶವಾಗಲು ನಾಲ್ಕನೇ, ಐದನೇ ತರಗತಿವರೆಗೂ ಕಾಲ ಬೇಕು ಎನ್ನುವುದು ಅದರ ಮುಖ್ಯ ಕಾಣ್ಕೆ. ಅದು ಲಿಪಿಯ ಗುಣ, ಮಗುವಿನ ದಡ್ಡತನ ಅಲ್ಲ. ಈಗ ನಮ್ಮ ವ್ಯವಸ್ಥೆ ನೋಡಿ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯ ಕಲಿಕಾ ಕಾರ್ಡುಗಳು ಮೂರನೇ ತರಗತಿಗೆ ಮುಗಿದವು. ನಾಲ್ಕರಿಂದ ಪಠ್ಯಪುಸ್ತಕ, ಪಾಠ, ಪ್ರಶ್ನೋತ್ತರ. ಅಕ್ಷರ ಇನ್ನೂ ಅರ್ಧ ದಾರಿಯಲ್ಲಿದೆ, ಹೇಳಿಕೊಡುವವರು ಇಳಿದುಹೋದರು.

ಇದಕ್ಕೆ ಕೊರೋನಾ ಸೇರಿತು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಒಂದನೇ ತರಗತಿಯಲ್ಲಿದ್ದ ಮಗು ಎಸ್ಸೆಸ್ಸೆಲ್ಸಿಗೆ ಬರುವುದು 2028–29ರಲ್ಲಿ. ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟುಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಿದ್ದ ಕಾಲ ಅದು. ಗುಡ್ಡ ಹತ್ತಿದ ಹೈಸ್ಕೂಲು ಹುಡುಗರು ಹೇಗೋ ದಾಟಿದರು. ಒತ್ತಕ್ಷರ ಕಲಿಯಬೇಕಿದ್ದ ಏಳೆಂಟು ವರ್ಷದವರನ್ನು ಗುಡ್ಡಕ್ಕೆ ಯಾರು ಕಳಿಸುತ್ತಾರೆ? ತಪ್ಪಿಹೋದ ಕಲಿಕೆಯನ್ನು ತುಂಬಲು ಸರ್ಕಾರದ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಬಂತು, ಒಳ್ಳೆಯದೇ ಆಯಿತು. ಆದರೆ ಒತ್ತಿನಲ್ಲಿ ನಿಂತ ಮಗುವಿಗೂ ವಾಕ್ಯದಲ್ಲಿ ನಿಂತ ಮಗುವಿಗೂ ಒಂದೇ ಹಾಳೆ ಕೊಟ್ಟ ಕಡೆಗಳಲ್ಲಿ ಚೇತರಿಕೆ ಹಾಳೆಯಲ್ಲೇ ಉಳಿಯಿತು.

ಅಳೆಯುವುದು ಹೇಗೆ ಎನ್ನುವುದಕ್ಕೆ ಬರುತ್ತೇನೆ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಸಾಕ್ಷರತೆ ಶೇ. 76.07, ಚಿಕ್ಕಮಗಳೂರಿನದು ಶೇ. 79.25. ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರೇ ಎನ್ನುವುದು ಅಲ್ಲಿನ ವ್ಯಾಖ್ಯೆ. ಆದರೆ ಗಣತಿದಾರರು ಓದಿಸಿ ನೋಡುವುದಿಲ್ಲ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ ಓದಿಸಿಯೇ ನೋಡುತ್ತದೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಆ ಕಥೆಯನ್ನು ಓದಬಲ್ಲ ಮೂರನೇ ತರಗತಿ ಮಕ್ಕಳು ಗ್ರಾಮೀಣ ಭಾರತದಲ್ಲಿ 2022ರಲ್ಲಿ ಶೇ. 20.5, 2024ರಲ್ಲಿ ಶೇ. 27.1. ಏರಿದೆ ಎಂದು ಸಂತೋಷಪಡಬಹುದು, ನಾಲ್ವರಲ್ಲಿ ಮೂವರು ಆಚೆಗಿದ್ದಾರೆ ಎನ್ನುವುದನ್ನು ಮರೆಯದೆ.

2021ರ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿ ಮುಗಿಯುವಾಗ ನಿಮಿಷಕ್ಕೆ ಕನಿಷ್ಠ 60 ಪದ ಎಂದು ಗುರಿ ಇಟ್ಟಿತು. ಇಲ್ಲಿ ಒಂದು ತೊಡಕಿದೆ, ಶಿಕ್ಷಕರು ಗಮನಿಸಿ. ‘ಅವನು ಮನೆಗೆ ಬಂದ’ ಎಂದರೆ ಮೂರು ಪದ, ಎಂಟು ಅಕ್ಷರ. ‘ಮನೆಯಲ್ಲಿದ್ದವರಿಗೂ’ ಎಂದರೆ ಒಂದೇ ಪದ, ಅದೂ ಎಂಟು ಅಕ್ಷರ, ಜೊತೆಗೆ ಎರಡು ಒತ್ತು. ಪದ ಎಣಿಸಿದರೆ ಮೊದಲನೆಯದನ್ನು ಓದಿದವನಿಗೆ ಮೂರು ಅಂಕ, ಎರಡನೆಯವನಿಗೆ ಒಂದು. ಕನ್ನಡದಲ್ಲಿ ಪದ ಎಣಿಸಬೇಡಿ, ಅಕ್ಷರ ಎಣಿಸಿ.

ಅದಕ್ಕೆ ಬೇಕಾದ್ದು ಇಷ್ಟೇ. ಮಗು ಹಿಂದೆ ಓದಿರದ, ಸುಮಾರು 200 ಅಕ್ಷರಗಳ ಒಂದು ಭಾಗ. ನಿಮ್ಮ ಪ್ರತಿಯಲ್ಲಿ ಪ್ರತಿ ಸಾಲಿನ ಕೊನೆಗೆ ಅಲ್ಲಿಯವರೆಗಿನ ಅಕ್ಷರಗಳ ಮೊತ್ತ ಬರೆದುಕೊಂಡಿರಿ, ಇಲ್ಲದಿದ್ದರೆ ಎಣಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಒಂದು ನಿಮಿಷ ಓದಿಸಿ. ಮೂರು ಸೆಕೆಂಡ್ ತಡವರಿಸಿದರೆ ಪದ ಹೇಳಿಕೊಟ್ಟು ಮುಂದೆ ಕಳಿಸಿ, ಅದನ್ನು ತಪ್ಪೆಂದು ಎಣಿಸಿ. ತಪ್ಪಾದ ಕಡೆ ಬರೀ ಗೀಟು ಎಳೆಯಬೇಡಿ, ತಪ್ಪಿನ ಜಾತಿ ಗುರುತು ಹಾಕಿ: ಒತ್ತು ತಪ್ಪಿದರೆ ‘ಒ’, ದೀರ್ಘ ತಪ್ಪಿದರೆ ‘ದೀ’, ಮೊದಲ ಎರಡಕ್ಷರ ನೋಡಿ ಉಳಿದದ್ದನ್ನು ಊಹಿಸಿದರೆ ‘ಊ’. ಕೊನೆಗೆ ಮೂರು ಪ್ರಶ್ನೆ, ಅದರಲ್ಲಿ ಒಂದಕ್ಕಾದರೂ ಉತ್ತರ ಸಾಲಿನಲ್ಲಿ ನೇರವಾಗಿ ಇರಬಾರದು. ಹೋದ ತಿಂಗಳ ಅದೇ ಮಗುವಿನ ಅಂಕದ ಜೊತೆ ಹೋಲಿಸಿ, ಪಕ್ಕದ ಮಗುವಿನ ಜೊತೆ ಬೇಡ. ಫೋನು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ: ಓದಿದ್ದನ್ನು ರೆಕಾರ್ಡ್ ಮಾಡಿ, ಜೂನ್ ತಿಂಗಳ ಧ್ವನಿಯನ್ನೂ ಡಿಸೆಂಬರ್ ಧ್ವನಿಯನ್ನೂ ಪೋಷಕರಿಗೆ ಕೇಳಿಸಿ. ಅಂಕಪಟ್ಟಿ ಅರ್ಥವಾಗದ ತಾಯಿಗೂ ಅದು ಅರ್ಥವಾಗುತ್ತದೆ.

ಈ ‘ಊ’ ಜಾತಿಯ ತಪ್ಪೇ ಎರಡನೆಯ ನಿಲುಗಡೆ. ಆರು, ಏಳನೇ ತರಗತಿಯ ಸಮಾಜ ವಿಜ್ಞಾನದಲ್ಲಿ ‘ಅವಲಂಬಿತವಾಗಿರುವುದರಿಂದ’ ಎಂಬ ಪದ ಬಂತು ಎನ್ನಿ. ಹುಡುಗ ‘ಅವಲ’ವರೆಗೆ ಬಂದು ‘ಅವಲಕ್ಕಿ’ ಎಂದುಬಿಡುತ್ತಾನೆ. ನಗು ಬರುತ್ತದೆ, ಆದರೆ ಫೋನಿನ ಕೀಬೋರ್ಡ್ ದಿನಾ ಅವನಿಗೆ ಕಲಿಸುವುದು ಇದನ್ನೇ. ಎರಡಕ್ಷರ ಟೈಪ್ ಮಾಡು, ಉಳಿದದ್ದು ಮೇಲೆ ಬರುತ್ತದೆ, ಆರಿಸಿಕೋ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಕ್ರಿ.ಶ. 450ರ ಸುಮಾರಿನದು, 16 ಸಾಲು. ಅಲ್ಲಿ ಪದಗಳ ನಡುವೆ ಈಗಿನಂತೆ ಜಾಗ ಬಿಟ್ಟಿಲ್ಲ. ಎಲ್ಲಿ ಒಡೆಯಬೇಕು ಎನ್ನುವುದು ಓದುವವನ ಹೊಣೆ, ಬಾಯಿಬಿಟ್ಟು ಓದಿದರೇ ಒಡೆಯಲು ಸಾಧ್ಯ. ಉದ್ದನೆಯ ಕನ್ನಡ ಪದ ಇವತ್ತಿಗೂ ಒಂದು ಪುಟ್ಟ ಶಾಸನವೇ. ಪೆನ್ಸಿಲ್ ಕೊಟ್ಟು ಗೀಟು ಹಾಕಿಸಿ: ಅವಲಂಬಿತವಾಗಿ, ಇರುವುದು, ಅರಿಂದ. ಬಾಲವನ್ನು ಬೆರಳಿನಿಂದ ಮುಚ್ಚಿ ತಲೆ ಓದಿಸಿ, ಆಮೇಲೆ ಬೆರಳು ಸರಿಸಿ. ದಿನಕ್ಕೆ ಐದು ಪದ ಸಾಕು. ಮೌನವಾಗಿ ಓದು ಎಂದು ಇವರಿಗೆ ಹೇಳಬೇಡಿ. ಮೌನದಲ್ಲಿ ಊಹೆ ಹೆಚ್ಚಾಗುತ್ತದೆ, ನಿಮಗೂ ಗೊತ್ತಾಗುವುದಿಲ್ಲ.

ಇನ್ನೊಂದು ಜಾತಿಯ ತಪ್ಪಿದೆ, ಅದನ್ನು ತಪ್ಪೆಂದು ಕರೆಯುವ ಮೊದಲು ಯೋಚಿಸಬೇಕು. ನಮ್ಮ ಹಳ್ಳಿಗಳ ಮಾತಿನಲ್ಲಿ ಪದದ ಮೊದಲಿನ ‘ಹ’ ಬಿದ್ದುಹೋಗುತ್ತದೆ. ಹಾಸನ ‘ಆಸ್ನ’, ಹಾಲು ‘ಆಲು’. ಇಂಥ ಮನೆಯ ಮಗು ‘ಹಕ್ಕಿ ಹಾರುತ್ತಿದೆ’ ಎನ್ನುವುದನ್ನು ‘ಅಕ್ಕಿ ಆರುತ್ತಿದೆ’ ಎಂದು ಬರೆದರೆ ಅದಕ್ಕೆ ಲಿಪಿ ಬರುತ್ತದೆ, ಕಿವಿಯೂ ಸರಿಯಾಗಿದೆ, ತನ್ನ ಮಾತನ್ನು ಕೇಳಿದ ಹಾಗೆ ಬರೆದಿದೆ. ‘ಹಕಿ’ ಎಂದು ಬರೆದ ಮಗುವಿನ ತೊಂದರೆ ಬೇರೆ, ಅಲ್ಲಿ ಒತ್ತು ಬಿಟ್ಟುಹೋಗಿದೆ. ಎರಡಕ್ಕೂ ಒಂದೇ ಕೆಂಪು ಗೆರೆ ಎಳೆದರೆ ಇಬ್ಬರೂ ಕಲಿಯುವುದಿಲ್ಲ. ಮೊದಲನೆಯದಕ್ಕೆ ಮದ್ದು ಅಕ್ಷರಾಭ್ಯಾಸ ಅಲ್ಲ, ಜೋಡಿ ಪದಗಳು: ಹಕ್ಕಿ–ಅಕ್ಕಿ, ಹಾರು–ಆರು, ಹಡಗು–ಅಡಗು. ಮನೆಯಲ್ಲಿ ಹೀಗೆ ಹೇಳ್ತೀವಿ, ಪುಸ್ತಕದಲ್ಲಿ ಹೀಗೆ ಬರೀತೀವಿ ಎಂದು ಎರಡನ್ನೂ ಅಕ್ಕಪಕ್ಕ ಇಡಿ. ಮನೆಮಾತನ್ನು ಹೀಯಾಳಿಸಿದರೆ ಆ ಮಗು ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ.

ಮನೆಮಾತು ಕನ್ನಡವೇ ಅಲ್ಲದ ಮಕ್ಕಳೂ ನಮ್ಮಲ್ಲಿ ಕಡಿಮೆಯಿಲ್ಲ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಸಮುದಾಯದ ಮನೆಗಳಲ್ಲಿ ಆಡುವುದು ವಾಗ್ರಿ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ತಮಿಳು, ತುಳು, ಈಚೆಗೆ ಅಸ್ಸಾಂ, ಜಾರ್ಖಂಡ್ ಕಡೆಯ ಮಾತುಗಳೂ ಸೇರಿವೆ. ಹಣ್ಣು ಕೊಯ್ಲಿನ ಕಾಲಕ್ಕೆ, ಅಂದರೆ ಅರೇಬಿಕಾ ನವೆಂಬರಿನಿಂದ ಶುರುವಾಗಿ ರೋಬಸ್ಟಾ ಮಾರ್ಚ್‌ವರೆಗೆ, ಕೆಲಸ ಇದ್ದ ಕಡೆ ಸಂಸಾರ ಹೋಗುತ್ತದೆ. ವರ್ಷದ ನಡುವೆ ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಬಂದ ಮಗುವಿನ ವರ್ಗಾವಣೆ ಪತ್ರದಲ್ಲಿ ಹುಟ್ಟಿದ ದಿನಾಂಕ ಇರುತ್ತದೆ, ತರಗತಿ ಇರುತ್ತದೆ, ಓದು ಎಲ್ಲಿಗೆ ಬಂದಿದೆ ಎನ್ನುವುದು ಇರುವುದಿಲ್ಲ. ಒಂದು ಪೋಸ್ಟ್ ಕಾರ್ಡ್ ಅಳತೆಯ ರಟ್ಟಿನ ಮೇಲೆ ‘ಸಜಾತೀಯ ಒತ್ತು ಬರುತ್ತದೆ, ವಿಜಾತೀಯ ಬರುವುದಿಲ್ಲ, ಕನ್ನಡದಲ್ಲಿ ಕಥೆ ಕೇಳಿ ಅರ್ಥ ಮಾಡಿಕೊಳ್ಳುತ್ತಾಳೆ’ ಎಂದು ಎರಡು ಸಾಲು ಬರೆದು ಕೈಗೆ ಕೊಟ್ಟರೆ ಮುಂದಿನ ಮೇಷ್ಟ್ರಿಗೆ ಒಂದು ತಿಂಗಳು ಉಳಿಯುತ್ತದೆ.

ಈಗ ಫೋನು. 2024ರ ಅಸರ್‌ನಲ್ಲಿ 14ರಿಂದ 16 ವಯಸ್ಸಿನ ಗ್ರಾಮೀಣ ಮಕ್ಕಳನ್ನು ಕೇಳಿದ್ದರು. ಶೇ. 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬರುವವರಲ್ಲಿ ಹಿಂದಿನ ವಾರ ಕಲಿಕೆಗೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ನನಗೆ ಈ ಎರಡು ಅಂಕಿಗಳ ನಡುವಿನ ಅಂತರಕ್ಕಿಂತ ಇನ್ನೊಂದು ಮುಖ್ಯ ಅನ್ನಿಸುತ್ತದೆ. ಫೋನು ಬಳಸಲು ಈಗ ಅಕ್ಷರವೇ ಬೇಕಿಲ್ಲ. ಮೈಕಿನ ಗುರುತು ಒತ್ತಿ ಮಾತಾಡಿದರೆ ವಿಡಿಯೋ ಬರುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಕಳಿಸಬಹುದು. ಅಕ್ಷರ ಬರುವವನಿಗೆ ಇದು ಸಮಯ ಉಳಿಸುತ್ತದೆ. ಇನ್ನೂ ಬಾರದವನಿಗೆ ಅಕ್ಷರ ಕಲಿಯಲು ಇದ್ದ ಕಾರಣವನ್ನೇ ಕಿತ್ತುಕೊಳ್ಳುತ್ತದೆ. ಉಪಕರಣ ಒಂದೇ, ಬಂದ ಹೊತ್ತು ಬೇರೆ.

ಸ್ವಲ್ಪ ದೊಡ್ಡವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಅಲ್ಲಿ ಹಳ್ಳಿಗೂ ಹಲ್ಲಿಗೂ, ಬಳಿಗೂ ಬಲಿಗೂ, ಕಲೆಗೂ ಕಳೆಗೂ ವ್ಯತ್ಯಾಸ ಇಲ್ಲ. ದೀರ್ಘ ಬೇಕಾದವರು ಹಾಕುತ್ತಾರೆ, ಬೇಡವಾದವರು ಬಿಡುತ್ತಾರೆ. ಓದುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ತೊಂದರೆಯೇನೂ ಆಗುವುದಿಲ್ಲ. ಹತ್ತನೇ ತರಗತಿಯ ಉತ್ತರ ಪತ್ರಿಕೆಯಲ್ಲಿ ಲ–ಳ, ನ–ಣ ಕಲಸಿಹೋಗಿ ಬರುವುದಕ್ಕೆ ಇದೊಂದೇ ಕಾರಣ ಎಂದು ಹೇಳಲಾರೆ, ಆ ತಪ್ಪುಗಳು ಫೋನಿಗಿಂತ ಹಳೆಯವು. ಆದರೆ ದಿನಕ್ಕೆ ನೂರು ಸಂದೇಶ ಬರೆಯುವ ಹುಡುಗಿಗೆ ಆ ನೂರೂ ಕನ್ನಡ ಬರವಣಿಗೆಯ ಅಭ್ಯಾಸ ಆಗಬಹುದಿತ್ತು, ಆಗುತ್ತಿಲ್ಲ.

ಇಲ್ಲೇ ಒಂದು ಸ್ವಾರಸ್ಯ. ಮತ್ತೆ ಬೋರ್ಡ್ ನೋಡಿ. ಫೋನು, ಕಂಪ್ಯೂಟರುಗಳು ಅಕ್ಷರ ದಾಖಲಿಸುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ಶಕ್ತಿ’ ದಾಖಲಾಗುವ ಕ್ರಮ ಹೀಗೆ: ಶ, ಕ, ಅರ್ಧಾಕ್ಷರದ ಚಿಹ್ನೆ, ತ, ಕೊನೆಗೆ ಗುಡಿಸು. ಅಂದರೆ ನಾವು ಉಚ್ಚರಿಸುವ ಕ್ರಮ. ‘ಸೂರ್ಯ’ವೂ ಅಷ್ಟೇ, ‘ರ’ ಮೊದಲು, ‘ಯ’ ಆಮೇಲೆ. ಕಾಗದದ ಮೇಲೆ ಕಣ್ಣನ್ನು ಗೊಂದಲಕ್ಕೆ ತಳ್ಳುವ ಅದೇ ಪದ ಕನ್ನಡ ಕೀಬೋರ್ಡಿನಲ್ಲಿ ಬಾಯಿ ಹೇಳಿದ ಹಾಗೆ ಬರುತ್ತದೆ. ಹಾಗಾಗಿ ಒತ್ತಕ್ಷರದಲ್ಲಿ ನಿಂತ ಮಗುವಿಗೆ ಕನ್ನಡ ಟೈಪಿಂಗ್ ಒಳ್ಳೆಯ ಮದ್ದು, ಕೆಲವು ಷರತ್ತಿನ ಮೇಲೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾಷೆ ಸೇರಿಸುವಾಗ ಕನ್ನಡ ಅಕ್ಷರಗಳೇ ಕಾಣುವ ವಿನ್ಯಾಸ ಆರಿಸಿ, ಇಂಗ್ಲಿಷ್ ಅಕ್ಷರದಿಂದ ಪರಿವರ್ತಿಸುವುದು ಬೇಡ. ಪದ ಸೂಚಿಸುವ ಪಟ್ಟಿ, ತಾನೇ ತಿದ್ದುವ ಸೌಲಭ್ಯ ಎರಡನ್ನೂ ಆಫ್ ಮಾಡಿ, ಮೈಕ್ ಮುಟ್ಟಬಾರದು. ಇಬ್ಬರಿಗೆ ಒಂದು ಫೋನು: ಒಬ್ಬ ಪದವನ್ನು ಒಡೆದು ಹೇಳಬೇಕು, ಇನ್ನೊಬ್ಬ ಒತ್ತಬೇಕು. ಹತ್ತು ನಿಮಿಷ, ಹತ್ತು ಪದ. ಆಮೇಲೆ ಅದೇ ಹತ್ತನ್ನು ಕೈಯಲ್ಲಿ ಬರೆಸಬೇಕು. ಇದನ್ನು ಬಿಟ್ಟರೆ ಮಗುವಿಗೆ ಟೈಪಿಂಗ್ ಬರುತ್ತದೆ, ಬರವಣಿಗೆ ಬರುವುದಿಲ್ಲ. ಶಾಲೆಗಳಲ್ಲಿ ಇನ್ನೊಂದು ಎಡವಟ್ಟು ಕಾಣುತ್ತದೆ: ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಅಭ್ಯಾಸ ಹಾಳೆಯ ಫೈಲನ್ನು ಪೋಷಕರ ಫೋನಿಗೆ ಹಾಗೇ ಕಳಿಸುವುದು. ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ಗೀಚಿದ ಹಾಗೆ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಗದಿದ್ದರೆ ಪಿಡಿಎಫ್ ಮಾಡಿ ಕಳಿಸಿ.

ಟಿವಿ, ಯೂಟ್ಯೂಬ್ ಬೇಡ ಎನ್ನುವವರಿಗೆ ಒಂದು ಮಾತು. ಹಾಡಿನ ಸಾಹಿತ್ಯವನ್ನು ಅದೇ ಭಾಷೆಯ ಅಕ್ಷರದಲ್ಲಿ ಪರದೆಯ ಕೆಳಗೆ ಓಡಿಸಿದರೆ ಅರೆಸಾಕ್ಷರರ ಓದು ಸುಧಾರಿಸುತ್ತದೆ ಎಂಬ ಯೋಚನೆಯನ್ನು ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1996ರಲ್ಲಿ ಮುಂದಿಟ್ಟರು. ಹಾಡು ಬಾಯಿಪಾಠ ಇರುವುದರಿಂದ ಕಣ್ಣು ತಾನಾಗಿಯೇ ಅಕ್ಷರದ ಹಿಂದೆ ಓಡುತ್ತದೆ. ಆದರೆ ಕನ್ನಡ ಹಾಡಿನ ಲಿರಿಕಲ್ ವಿಡಿಯೋಗಳಲ್ಲಿ ಎಷ್ಟೋ ಸಲ ಸಾಹಿತ್ಯ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. ಕನ್ನಡ ಅಕ್ಷರದ್ದನ್ನು ಹುಡುಕಿ ಹಾಕಿ.

ಕಾಲೇಜಿನವರು ಇಷ್ಟು ಹೊತ್ತು ಇದು ನಮಗಲ್ಲ ಎಂದು ಕೂತಿದ್ದೀರಿ. ನಿಮ್ಮಲ್ಲಿಗೆ ಬರುವ ವಿದ್ಯಾರ್ಥಿ ಒತ್ತಕ್ಷರ ದಾಟಿರುತ್ತಾನೆ, ಉದ್ದ ಪದವನ್ನೂ ದಾಟಿರುತ್ತಾನೆ. ಅವನ ಓದು ನಿಂತಿರುವುದು ಪ್ಯಾರಾದಲ್ಲಿ. ಹತ್ತನೇ ತರಗತಿಗೆ ‘ಪಾಸಿಂಗ್ ಪ್ಯಾಕೇಜ್’ ಓದಿದ, ಪಿಯುಸಿಗೆ ಪ್ರಶ್ನೆ ಬ್ಯಾಂಕ್ ಓದಿದ, ಪದವಿಗೆ ಜೆರಾಕ್ಸ್ ಅಂಗಡಿಯ ನೋಟ್ಸ್ ಓದುತ್ತಿದ್ದಾನೆ. ಇವೆಲ್ಲ ಉತ್ತರಗಳ ರಾಶಿ. ಒಬ್ಬ ಲೇಖಕ ಒಂದು ವಾದವನ್ನು ಎತ್ತಿ, ಅದಕ್ಕೆ ಅಡ್ಡಿ ಹೇಳಿ, ‘ಆದರೂ’ ಎಂದು ತಿರುಗುವ ಬರಹ ಅವನ ಕಣ್ಣಿಗೆ ಬಿದ್ದೇ ಇಲ್ಲ. ಮೇಲಾಗಿ ಕನ್ನಡ ಮಾಧ್ಯಮದಿಂದ ಬಂದವನ ಕೈಗೆ ಬಿ.ಕಾಂ., ಬಿ.ಎಸ್ಸಿ. ಪುಸ್ತಕಗಳು ಇಂಗ್ಲಿಷಿನಲ್ಲಿ ಸಿಗುತ್ತವೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಹಿಂದೆಯೇ. ಒಂದೊಂದೇ ಪದಕ್ಕೆ ಅರ್ಥ ಬರೆದುಕೊಂಡು ಹೋದವನಿಗೆ ನಾಲ್ಕು ಸಾಲಿನ ವಾಕ್ಯ ಮುಗಿಯುವಷ್ಟರಲ್ಲಿ ತಲೆ ಬಾಲ ಕಳೆದುಹೋಗಿರುತ್ತದೆ. ಮೊದಲು ಕರ್ತೃ ಮತ್ತು ಕ್ರಿಯಾಪದ ಎರಡಕ್ಕೇ ಗೆರೆ ಎಳೆಸಿ, ‘ಯಾರು, ಏನು ಮಾಡಿದರು’ ಎಂದು ಕನ್ನಡದಲ್ಲಿ ಹೇಳಿಸಿ. ಉಳಿದದ್ದು ಆಮೇಲೆ ಬಂದು ಕೂರುತ್ತದೆ. ಕನ್ನಡದಲ್ಲಿ ಹೇಳಿಸುವುದು ಮಟ್ಟ ಇಳಿಸುವುದಲ್ಲ. ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ಬೇರೆ ದಾರಿಯಿಲ್ಲ.

ಆ ನೋಟ್ಸ್ ಫೋನಿಗೆ ಪಿಡಿಎಫ್ ಆಗಿ ಬಂದಾಗ ಇನ್ನೊಂದು ತೊಂದರೆ. ಎ4 ಅಳತೆಯ ಪುಟ ಆರಿಂಚಿನ ಪರದೆಗೆ ಇಳಿಯುತ್ತದೆ. ಹಿಗ್ಗಿಸಿದರೆ ಸಾಲಿನ ಬಲತುದಿ ಆಚೆ ಹೋಗುತ್ತದೆ, ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಅರಕಲಗೂಡಿನಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ನಿಂತುಕೊಂಡು ಇದನ್ನು ಮಾಡಿ ನೋಡಿ. ಕಾಗದ ಮತ್ತು ಪರದೆಯನ್ನು ಹೋಲಿಸಿದ 54 ಅಧ್ಯಯನಗಳನ್ನು, 1,70,000ಕ್ಕೂ ಹೆಚ್ಚು ಓದುಗರನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆ 2018ರಲ್ಲಿ ಬಂತು. ಮಾಹಿತಿಯ ಬರಹವನ್ನು, ಅದರಲ್ಲೂ ಸಮಯದ ಒತ್ತಡದಲ್ಲಿ, ಕಾಗದದ ಮೇಲೆ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಕಥೆಯ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಹುಡುಗರು ಕಾದಂಬರಿಯನ್ನು ಫೋನಿನಲ್ಲಿ ಓದಿದರೆ ಬಿಡಿ, ಖುಷಿಪಡಿ. ಅರ್ಥಶಾಸ್ತ್ರದ ಅಧ್ಯಾಯವನ್ನು ಮಾತ್ರ ಪ್ರಿಂಟ್ ಹಾಕಿಸಲು ಹೇಳಿ.

ಎಐ ಬಗ್ಗೆ ನೀವು ಕೇಳುತ್ತೀರಿ ಎಂದು ಗೊತ್ತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಸೈನ್‌ಮೆಂಟ್ ತಿದ್ದುವುದು ವ್ಯರ್ಥ ಕೆಲಸವಾಗಿದೆ ಎನ್ನುವ ದೂರು ಎಲ್ಲ ಕಡೆ ಇದೆ. ನಿಜ ಹೇಳಬೇಕೆಂದರೆ ಅಸೈನ್‌ಮೆಂಟ್ ಅದಕ್ಕೂ ಮೊದಲೇ ಸತ್ತಿತ್ತು. ಹೋದ ವರ್ಷದವರ ಪುಸ್ತಕ ನೋಡಿ ಬರೆಯುತ್ತಿದ್ದರು, ನಾವು ಪುಟ ಎಣಿಸಿ ಅಂಕ ಕೊಡುತ್ತಿದ್ದೆವು. ಬರೆದದ್ದು ಯಂತ್ರವೋ ವಿದ್ಯಾರ್ಥಿಯೋ ಎಂದು ಪತ್ತೆ ಹಚ್ಚುವ ಸಾಫ್ಟ್‌ವೇರ್‌ಗಳನ್ನು ನಂಬಿ ಯಾರನ್ನೂ ಫೇಲ್ ಮಾಡಬೇಡಿ, ಅವು ತಪ್ಪುತ್ತವೆ. ಅದರ ಬದಲು ಹತ್ತು ಅಂಕವನ್ನು ಒಡೆಯಿರಿ. ಮನೆಯಿಂದ ತಂದ ಬರಹಕ್ಕೆ ಎರಡು. ತರಗತಿಯಲ್ಲಿ ಫೋನು ಮೇಜಿನ ಮೇಲಿಟ್ಟು, ಅದೇ ವಿಷಯದ ಮೇಲೆ ಹದಿನೈದು ನಿಮಿಷದಲ್ಲಿ ಕೈಯಲ್ಲಿ ಬರೆದ ಒಂದು ಪ್ಯಾರಾಕ್ಕೆ ನಾಲ್ಕು. ತಂದ ಬರಹದ ಯಾವುದಾದರೂ ಒಂದು ವಾಕ್ಯ ತೋರಿಸಿ ‘ಇದನ್ನು ಯಾಕೆ ಹೀಗೆ ಹೇಳಿದೆ?’ ಎಂದು ಕೇಳಿದ ಎರಡು ನಿಮಿಷದ ಮಾತಿಗೆ ನಾಲ್ಕು. ಅರವತ್ತು ಜನರ ತರಗತಿಗೆ ಮಾತಿನ ಭಾಗ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಅರವತ್ತು ಪುಸ್ತಕ ತಿದ್ದುವುದಕ್ಕಿಂತ ಕಡಿಮೆಯೇ.

ಪೋಷಕರಿಗೆ ಹೆಚ್ಚು ಹೇಳುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ, 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ. ನಿಮ್ಮೂರಿನದು ಶಾಲೆ ಬಿಟ್ಟ ಮೇಲೂ ತೆರೆದಿರುತ್ತದೆಯೇ ನೋಡಿ, ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಮನೆಯಲ್ಲಿ ಕಥೆಪುಸ್ತಕ ಇಲ್ಲದಿದ್ದರೂ ಓದುವುದು ಇದೆ. ಡೈರಿಯ ಹಾಲಿನ ಚೀಟಿ, ಕರೆಂಟ್ ಬಿಲ್ಲು, ಆಲೂಗೆಡ್ಡೆಗೆ ಹೊಡೆಯುವ ಔಷಧಿ ಡಬ್ಬದ ಮೇಲಿನ ಸೂಚನೆ. ಲೀಟರಿಗೆ ಎಷ್ಟು ಗ್ರಾಂ ಎಂದು ಮಗಳು ಓದಿ ಹೇಳಿದ ಮೇಲೆ ಅಳೆಯಿರಿ. ಅವಳ ಓದಿಗೆ ಮನೆಯಲ್ಲಿ ಒಂದು ಕೆಲಸ ಸಿಕ್ಕಂತಾಗುತ್ತದೆ. ಅವಳು ಓದಿದ್ದನ್ನು ನೀವೂ ಒಮ್ಮೆ ನೋಡಿ, ಇಲ್ಲವೇ ಅಂಗಡಿಯವರನ್ನು ಕೇಳಿ, ಬೆಳೆಯ ವಿಷಯ.

ಬರೆದು ಕಳಿಸಿರುವ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳುತ್ತೇನೆ: ಒಂಬತ್ತನೇ ತರಗತಿ, ಒತ್ತಕ್ಷರ ಬರುವುದಿಲ್ಲ, ಪರೀಕ್ಷೆಗೆ ವರ್ಷವೊಂದಿದೆ, ಏನು ಮಾಡುವುದು? ದಿನಕ್ಕೆ ಇಪ್ಪತ್ತು ನಿಮಿಷದಂತೆ ಆರು ವಾರ ಕೊಡಿ. ಮೊದಲ ವಾರ ಅಕ್ಷರಕ್ಕೆ ಅದರದ್ದೇ ಒತ್ತು ಇರುವ, ಆಕಾರ ಬದಲಾಗದ ಪದಗಳು. ಎರಡನೇ ವಾರ ಆಕಾರ ಬದಲಾಗುವ ಆರು ಒತ್ತು. ಮೂರು, ನಾಲ್ಕನೇ ವಾರ ಬೇರೆ ಅಕ್ಷರದ ಒತ್ತು, ಮೊದಲು ಗುಣಿತ ಇಲ್ಲದೆ, ಆಮೇಲೆ ಗುಣಿತದ ಜೊತೆ. ಐದರಲ್ಲಿ ಅರ್ಕಾವತ್ತು, ಆರರಲ್ಲಿ ಎಲ್ಲ ಕಲಸಿ. ಪ್ರತಿ ವಾರ ಇಪ್ಪತ್ತು ಪದ. ಹದಿನೆಂಟು ತಡವರಿಸದೆ ಓದಿದರೆ ಮುಂದಕ್ಕೆ, ಇಲ್ಲದಿದ್ದರೆ ಅದೇ ವಾರ ಮತ್ತೊಮ್ಮೆ.

ಒಂದು ಎಚ್ಚರ: ಹದಿನಾಲ್ಕು ವರ್ಷದ ಹುಡುಗನ ಕೈಗೆ ಒಂದನೇ ತರಗತಿ ಪುಸ್ತಕ ಕೊಡಬೇಡಿ, ಮಾರನೇ ದಿನ ಅವನು ಬರುವುದಿಲ್ಲ. ಹಾಸನದ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ. ಬೋರ್ಡುಗಳು ಸಾಲಾಗಿ ನಿಂತಿರುತ್ತವೆ. ಮೊದಲ ವಾರಕ್ಕೆ ಚಿಕ್ಕಮಗಳೂರು. ಎರಡಕ್ಕೆ ಚನ್ನರಾಯಪಟ್ಟಣ, ತೀರ್ಥಹಳ್ಳಿ ಈಗಲೇ ಬೇಡ, ಅದರಲ್ಲಿ ಅರ್ಕಾವತ್ತಿದೆ. ಮೂರಕ್ಕೆ ಶ್ರವಣಬೆಳಗೊಳ. ಐದಕ್ಕೆ ಧರ್ಮಸ್ಥಳ. ಆರನೇ ವಾರದ ಕೊನೆಗೆ ಕುಕ್ಕೆ ಸುಬ್ರಹ್ಮಣ್ಯ. ಅದನ್ನು ಓದುವಾಗ ನೀವೂ ಗಮನಿಸಿ, ನಮ್ಮಲ್ಲಿ ಅರ್ಧ ಜನ ಅಲ್ಲಿ ‘ಹ್ಮ’ವನ್ನು ‘ಮ್ಹ’ ಎಂದೇ ಹೇಳುವುದು.